ಬೆಂಕಿ ಆರಿಸುವ ಅನಿಲ: ಬಳಕೆ ಮತ್ತು ಮಿತಿ

ವಿದ್ಯಾರ್ಥಿಗಳೇ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಸಂಗತಿಯನ್ನು ಮನೆಯ ಹಿರಿಯರಿಂದ ನೀವು ಕೇಳಿರಬಹುದು. ಹಗೇವಿನ ಬಾಯಿ ತೆರೆದ ಕೂಡಲೇ ಬಲ್ಲವರು ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿತೆಂದರೆ ಒಳಗೆ ಕೆಟ್ಟ ಗಾಳಿ ಇದೆ ಎಂದರ್ಥ. ಕಾಳು ಉಸಿರಾಡಿ ಆಮ್ಲಜನಕವನ್ನು ಬಳಸಿಕೊಂಡು, ಇಂಗಾಲದ ಡೈ ಆಕ್ಸೈಡನ್ನು ಹೊರಬಿಟ್ಟಿರುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಆದ್ದರಿಂದ ತಗ್ಗಿನಲ್ಲೇ ನಿಲ್ಲುತ್ತದೆ. ಇದೇ ಅನಿಲವನ್ನು ಉಕ್ಕಿನ ಸಿಲಿಂಡರುಗಳಲ್ಲಿ ತುಂಬಿ ಬೆಂಕಿ ಆರಿಸಲು ಬಳಸುತ್ತಾರೆ.

ನೀರಿರುವಾಗ ಅನಿಲವೇಕೆ? ರಾಯಚೂರಿನ ಬಳಿ ಕೃಷ್ಣಾ ತೀರದ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಇಂಥ ಕೇಂದ್ರಗಳ ನಿಯಂತ್ರಣ ಕೊಠಡಿ, ಬ್ಯಾಂಕುಗಳ ಕಂಪ್ಯೂಟರ್ ಕೊಠಡಿ, ದೂರವಾಣಿ ವಿನಿಮಯ ಕೇಂದ್ರ ಇವುಗಳಲ್ಲಿ ನೀರು ಸುರಿದರೆ ಉಪಕರಣ ಹಾಳಾಗುತ್ತದೆ, ವಿದ್ಯುತ್ ಆಘಾತದ ಭಯವೂ ಇದೆ. ಅನಿಲ ವಿದ್ಯುತ್ತನ್ನು ಹರಿಸುವುದಿಲ್ಲ, ಕಲೆಯನ್ನೂ ಉಳಿಸುವುದಿಲ್ಲ.

ಅನಿಲಗಳಲ್ಲಿ ಮೂರು ಬಗೆ. ಇಂಗಾಲದ ಡೈ ಆಕ್ಸೈಡ್ ಆಮ್ಲಜನಕದ ಪ್ರಮಾಣವನ್ನು ತಗ್ಗಿಸುತ್ತದೆ. ಸಾರಜನಕ, ಆರ್ಗಾನ್‌ಗಳ ಮಿಶ್ರಣವೂ ಹಾಗೆಯೇ; ಅದು ಕೊಠಡಿಯ ಆಮ್ಲಜನಕವನ್ನು ಶೇ. 21ರಿಂದ ಸುಮಾರು ಶೇ. 12–13ಕ್ಕೆ ಇಳಿಸುತ್ತದೆ. ಮೂರನೆಯದು ಹ್ಯಾಲಾನ್‌ನಂಥ ರಾಸಾಯನಿಕ. ಹ್ಯಾಲಾನ್ ಓಜೋನ್ ಪದರವನ್ನು ಕೆಡಿಸುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದರ ತಯಾರಿಕೆಯನ್ನು ನಿಲ್ಲಿಸಲಾಯಿತು. ಅದರ ಬದಲಿಗೆ ಬಂದ ಕೆಲವು ಅನಿಲಗಳು ಭೂಮಿಯ ತಾಪವನ್ನು ಏರಿಸುವಂಥವು. ಅವುಗಳನ್ನು ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು.

ವ್ಯವಸ್ಥೆ ಕೆಲಸ ಮಾಡುವ ಬಗೆ ಹೀಗಿದೆ: ಹೊಗೆಯನ್ನು ಗುರುತಿಸುವ ಸಾಧನ ಗಂಟೆ ಬಾರಿಸುತ್ತದೆ. ಪಂಖ, ಹವಾನಿಯಂತ್ರಕ ನಿಲ್ಲುತ್ತವೆ. ಒಳಗಿರುವವರು ಹೊರಬರಲೆಂದು ಸ್ವಲ್ಪ ಸಮಯ ಕೊಟ್ಟು, ನಂತರ ಕವಾಟ ತೆರೆದು ಅನಿಲ ನುಗ್ಗುತ್ತದೆ. ಆ ಕೆಲವು ಸೆಕೆಂಡುಗಳು ಜೀವ ಉಳಿಸಿಕೊಳ್ಳಲು ಕೊಟ್ಟ ಗಡುವು. ಪುಸ್ತಕ, ಚೀಲ ಎತ್ತಿಕೊಳ್ಳಲು ಅಲ್ಲ.

ಇಲ್ಲಿ ಒಂದು ಲೆಕ್ಕ ನೋಡಿ. ಜ್ವಾಲೆ ಆರಿಸಲು ಇಡುವ ಇಂಗಾಲದ ಡೈ ಆಕ್ಸೈಡ್ ಪ್ರಮಾಣ ಕನಿಷ್ಠ ಸುಮಾರು ಶೇ. 34. ಮನುಷ್ಯ ಎಚ್ಚರ ತಪ್ಪಲು ಶೇ. 10ರಷ್ಟಿದ್ದರೂ ಸಾಕು. ಅಂದರೆ ಬೆಂಕಿಗಿಂತ ಮೊದಲು ಬೀಳುವವನು ಮನುಷ್ಯ! ಹಗೇವಿನಲ್ಲಿ ಕಂದೀಲು ಉರಿಯುತ್ತಿದ್ದ ಮಾತ್ರಕ್ಕೆ ಗಾಳಿ ಒಳ್ಳೆಯದೆಂದು ನಂಬಬಾರದು ಎಂಬುದಕ್ಕೂ ಇದೇ ಕಾರಣ. 1998ರ ಜುಲೈ 28ರಂದು ಅಮೆರಿಕದ ಇಡಾಹೋದಲ್ಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ವಿದ್ಯುತ್ ಉಪಕರಣಗಳ ದುರಸ್ತಿಗೆ ಸಿದ್ಧತೆ ನಡೆದಿತ್ತು. ಬೆಂಕಿಯೇ ಇರಲಿಲ್ಲ. ಎಚ್ಚರಿಕೆಯ ಗಂಟೆ ಇಲ್ಲದೆ ಅನಿಲ ನುಗ್ಗಿತು. ಒಬ್ಬ ಕೆಲಸಗಾರ ಸತ್ತ, ಹಲವರು ಅಸ್ವಸ್ಥರಾದರು. ಆದ್ದರಿಂದಲೇ ದುರಸ್ತಿಗೆ ಮೊದಲು ಅನಿಲದ ದಾರಿಯನ್ನು ಕವಾಟದಿಂದ ಮುಚ್ಚಿ ಬೀಗ ಹಾಕಬೇಕು.

ಇನ್ನು ಮಿತಿಗಳು. ಅನಿಲ ಕೆಲಸ ಮಾಡಲು ಕೊಠಡಿ ಮುಚ್ಚಿರಬೇಕು. ಬಾಗಿಲು ತೆರೆದಿದ್ದರೆ ಅದು ಸೋರಿಹೋಗುತ್ತದೆ. ಬಯಲಲ್ಲಿ ರಾಶಿ ಹಾಕಿದ ಹತ್ತಿಗೆ ಇದು ಉಪಯೋಗವಿಲ್ಲ. ದೇವದುರ್ಗ, ರಾಯಚೂರುಗಳ ಹತ್ತಿಯಾಗಲಿ, ಮಾನ್ವಿಯ ಅಕ್ಕಿ ಗಿರಣಿಯ ಹೊಟ್ಟಾಗಲಿ ಒಳಗೊಳಗೇ ಹೊಗೆಯಾಡುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಎನ್ನುತ್ತೇವಲ್ಲ, ಹಾಗೆ. ಅನಿಲ ಮೇಲಿನ ಜ್ವಾಲೆಯನ್ನು ಆರಿಸಬಹುದು. ಒಳಗಿನ ಕಾವು ಉಳಿದು, ಗಾಳಿ ತಗುಲಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿ ರಾಶಿಯನ್ನು ಬಿಡಿಸಿ ನೀರು ಹಾಯಿಸುವುದೇ ದಾರಿ. ಉರಿಯುವ ಮೆಗ್ನೀಷಿಯಂ ಇಂಗಾಲದ ಡೈ ಆಕ್ಸೈಡಿನಿಂದಲೇ ಆಮ್ಲಜನಕ ಕಸಿದುಕೊಂಡು ಉರಿಯುತ್ತದೆ. ಅಡಿಗೆ ಅನಿಲ ಸೋರುತ್ತಿರುವಾಗ ಜ್ವಾಲೆ ಮಾತ್ರ ಆರಿಸಿದರೆ, ಸೋರಿದ ಅನಿಲ ತುಂಬಿಕೊಂಡು ಸ್ಫೋಟವಾದೀತು.

ನೀವು ಮಾಡಬೇಕಾದುದು ಇಷ್ಟು:

• ಗಂಟೆ ಕೇಳಿದೊಡನೆ ಹೊರಬನ್ನಿ, ಬಾಗಿಲು ಮುಚ್ಚಿ.

• ಬೆಂಕಿ ಆರಿತೆಂದು ಒಳಹೋಗಬೇಡಿ. ಬಲ್ಲವರು ಗಾಳಿಯಾಡಿಸಿ ಪರೀಕ್ಷಿಸುವವರೆಗೆ ಕಾಯಿರಿ. ನೆಲಮಾಳಿಗೆ, ಕೇಬಲ್ ಕಾಲುವೆಗಳಲ್ಲಿ ಅನಿಲ ಬಹಳ ಹೊತ್ತು ನಿಂತಿರುತ್ತದೆ.

• ಒಳಗೆ ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಧಾವಿಸಬೇಡಿ. ಎತ್ತಲು ಹೋದವರೂ ಬೀಳುತ್ತಾರೆ.

• ಪ್ರಯೋಗಶಾಲೆಯ ಕೈ ಸಿಲಿಂಡರ್ ಬಳಸುವಾಗ ಕೊಂಬಿನಂಥ ಬಾಯಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹೊರಬರುವ ಹಿಮ ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನ ತಂಪಿನದು.

• 101 ಅಥವಾ 112ಕ್ಕೆ ಕರೆ ಮಾಡಿ.

ನಾಳೆ ನಿಮ್ಮ ಶಾಲೆ, ಕಾಲೇಜಿನಲ್ಲಿ ಕೆಂಪು ಸಿಲಿಂಡರ್ ಎಲ್ಲಿದೆ, ಅದರೊಳಗೆ ಏನಿದೆ ಎಂದು ಓದಿ ನೋಡಿ. ಹಗೇವಿನ ಮುಂದೆ ಕಂದೀಲು ಹಿಡಿದು ಕಾದು ನಿಂತ ಅಜ್ಜನ ತಾಳ್ಮೆ ಈ ಹೊಸ ಯಂತ್ರದ ಮುಂದೆಯೂ ಬೇಕು.