ಬ್ರೇಕು ಸಡಿಲಿಸುವ ರಸ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿಗೆ ಗೋವಿನಜೋಳದ ಹೊಲದಲ್ಲಿ ಮೇಯುವ ಚಿಗರಿಗೆ ಎಷ್ಟೋ ಸದ್ದು ಕೇಳುತ್ತಿರುತ್ತವೆ. ನೀಲಗಿರಿ ಎಲೆಯ ಸರಸರಕ್ಕಾಗಲಿ, ದೂರದ ಟ್ರ್ಯಾಕ್ಟರಿಗಾಗಲಿ ಅದು ತಲೆ ಎತ್ತುವುದಿಲ್ಲ. ಹತ್ತಿರದಲ್ಲಿ ಒಂದು ಒಣಕಡ್ಡಿ ಮುರಿದರೆ ಮಾತ್ರ ಹಿಂಡಿಗೆ ಹಿಂಡೇ ನೆಗೆದು ಓಡುತ್ತದೆ. ಬೇಕಾದ ಸದ್ದನ್ನು ಹಿಡಿದು ಬೇಡದ್ದನ್ನು ಬಿಡುವ ಈ ಕೆಲಸ ಮಿದುಳಿನಲ್ಲಿ ನಡೆಯುವುದು ಹೇಗೆ? ಒಂದು ತುಂಡು ಉತ್ತರ 1982ರಲ್ಲಿ ಇಲಿಯ ಮಿದುಳಿನ ಹೋಳಿನಲ್ಲಿ ಸಿಕ್ಕಿತು.

ಆ ಉತ್ತರದ ನಡುವೆ ಇದ್ದದ್ದು ನಾರ್‌ಅಡ್ರಿನಲಿನ್ ಎಂಬ ರಸ; ಆ ಹೊತ್ತಿಗೆ ಅದು ಹೊಸದೇನಲ್ಲ. ಅದು ನರಗಳ ಸಂದೇಶವಾಹಕ ಎಂದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲೇ ತೋರಿಸಿದ್ದರು. 1964ರಲ್ಲಿ ಅದೇ ದೇಶದ ಆನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ, ಇಲಿ ಮಿದುಳಿನ ತುಣುಕುಗಳಿಗೆ ಫಾರ್ಮಾಲ್ಡಿಹೈಡ್ ಆವಿ ತಾಗಿಸಿ, ಈ ರಸವಿರುವ ಕೋಶಗಳು ಹಸಿರಾಗಿ ಹೊಳೆಯುವಂತೆ ಮಾಡಿ ನಕ್ಷೆ ಬರೆದರು. ಮಿದುಳುಕಾಂಡದ ಲೋಕಸ್ ಸೆರೂಲಿಯಸ್ ಎಂಬ ಚುಕ್ಕೆಯಲ್ಲಿ, ಇಲಿಗಾದರೆ, ಒಂದೊಂದು ಬದಿಗೆ ಸುಮಾರು 1,500 ಕೋಶ. ಇಷ್ಟರದೇ ತಂತುಗಳು ಮುಮ್ಮಿದುಳಿನ ಬಹುಭಾಗಕ್ಕೆ ಹಬ್ಬಿವೆ.

ತೊಡಕು ಶುರುವಾದದ್ದು ಆಮೇಲೆ. 1974ರಲ್ಲಿ ಮೆನಾಹೆಮ್ ಸೆಗಲ್ ಮತ್ತು ಫ್ಲಾಯ್ಡ್ ಬ್ಲೂಮ್ ಇಲಿ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಕೋಶಗಳಿಗೆ ಈ ರಸ ತಾಗಿಸಿದಾಗ ಅವುಗಳ ಮಿಡಿತ ತಗ್ಗಿತು. ಎಚ್ಚರದ ರಸವೆಂದು ಹೆಸರಾದದ್ದು ಕೋಶವನ್ನು ಸುಮ್ಮನಾಗಿಸುವುದೆಂದರೇನು? ಮರುವರ್ಷವೇ ಒಂದು ಸುಳಿವು ಬಂತು. ಎಚ್ಚರವಾಗಿದ್ದ ಕೋತಿಗಳ ಶ್ರವಣ ಭಾಗದಲ್ಲಿ ಸ್ಟೀಫನ್ ಫೂಟ್ ಮತ್ತು ಸಂಗಡಿಗರು ಇದೇ ರಸ ತಾಗಿಸಿ ನೋಡಿದಾಗ, ಕೋಶಗಳ ತಾನೇತಾನಾದ ಮಿಡಿತ ಬಹಳ ಕುಗ್ಗಿದರೂ ಕೋತಿಯ ಕೂಗಿಗೆ ಅವು ಕೊಡುವ ಉತ್ತರ ಅಷ್ಟು ಕುಗ್ಗಿರಲಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಮ್ಯಾಡಿಸನ್ ಮತ್ತು ರೋಜರ್ ನಿಕೋಲ್ 1982ರಲ್ಲಿ ಕೋಶದ ಒಳಗೇ ಇಳಿದರು. ಹಿಪ್ಪೊಕ್ಯಾಂಪಸ್‌ನ ತೆಳು ಹೋಳು, ಆಮ್ಲಜನಕ ಬೆರೆಸಿದ ಉಪ್ಪುನೀರು, ಒಂದೇ ಕೋಶಕ್ಕೆ ಚುಚ್ಚಿದ ಕೂದಲಿಗಿಂತ ಸಣ್ಣ ಗಾಜಿನ ಮೊನೆ. ಆ ಮೊನೆಯಿಂದ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ವಿದ್ಯುತ್ ಹರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಶೋಧದ ಜಾಣತನ ಈ 'ಹೆಚ್ಚು ಹೊತ್ತಿ'ನಲ್ಲಿದೆ. ಕೋಶ ಮೊದಲು ಪಟಪಟನೆ ಕೆಲವು ಸಲ ಮಿಡಿಯಿತು. ವಿದ್ಯುತ್ ಇನ್ನೂ ಹರಿಯುತ್ತಿದ್ದಂತೆಯೇ ಮೌನವಾಯಿತು. ಪ್ರತಿ ಮಿಡಿತದಲ್ಲೂ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದು ಪೊಟ್ಯಾಸಿಯಂಗೆ ಹೊರಹೋಗುವ ದಾರಿ ತೆರೆಯುತ್ತದೆ, ಒಳಗಿನ ವೋಲ್ಟೇಜ್ ಇಳಿಯುತ್ತದೆ. ಕೋಶ ತನಗೆ ತಾನೇ ಬ್ರೇಕು ಹಾಕಿಕೊಳ್ಳುವ ಬಗೆ ಇದು.

ಉಪ್ಪುನೀರಿಗೆ ನಾರ್‌ಅಡ್ರಿನಲಿನ್ ಬೆರೆಸಿದರು. ಅಷ್ಟೇ ವಿದ್ಯುತ್ತಿಗೆ ಅದೇ ಕೋಶ ಈಗ ಕೊನೆಯವರೆಗೂ ಮಿಡಿಯಿತು. ಕ್ಯಾಲ್ಸಿಯಂ ಬರುವುದೇನೂ ನಿಂತಿರಲಿಲ್ಲ. ಅದರ ಹಿಂದೆ ಬೀಳಬೇಕಿದ್ದ ಬ್ರೇಕು ಮಾತ್ರ ಸಡಿಲವಾಗಿತ್ತು. ಸುಮ್ಮನಿದ್ದ ಕೋಶಕ್ಕೆ ಅದೇ ರಸ ತಾಗಿದರೆ ವೋಲ್ಟೇಜ್ ತುಸು ಇಳಿಯುತ್ತಿತ್ತು. ಅಂದಮೇಲೆ ಸೆಗಲ್ ಮತ್ತು ಬ್ಲೂಮ್ ಕಂಡದ್ದೂ ಸುಳ್ಳಲ್ಲ. ಸಣ್ಣಪುಟ್ಟ ಕರೆಗೆ ಕೋಶ ಓಗೊಡುವುದಿಲ್ಲ, ಗಟ್ಟಿ ಕರೆ ಬಂದರೆ ಬಿಡುವುದಿಲ್ಲ. ಮರುವರ್ಷ ಹೆಲ್ಮಟ್ ಹಾಸ್ ಮತ್ತು ಆರ್ಥರ್ ಕೊನ್ನರ್ತ್ ಕೂಡ ಇದನ್ನೇ ಕಂಡರು. ಹಿಸ್ಟಮಿನ್ ಸಹ ಇದೇ ಕೆಲಸ ಮಾಡುತ್ತದೆಂದು ಸೇರಿಸಿದರು.

ಕೈನಡುಕಕ್ಕೆ, ಎದೆಬಡಿತಕ್ಕೆ ಹಾವೇರಿಯಲ್ಲೂ ಡಾಕ್ಟರು ಬರೆದುಕೊಡುವ ಪ್ರೊಪ್ರನೊಲಾಲ್ ಹಾಕಿದರೆ ಬ್ರೇಕು ಸಡಿಲವಾಗುವುದು ನಿಲ್ಲುತ್ತದೆ. ಈ ಔಷಧ ತಡೆಯುವುದು ಕೋಶದ ಬೀಟಾ ಗ್ರಾಹಕವನ್ನು, ಹಾಗಾಗಿ ಇದು ಆ ಗ್ರಾಹಕದ ಕೆಲಸ. ಅದರ ಸುದ್ದಿಯನ್ನು ಕೋಶದೊಳಗೆ ಒಯ್ಯುವುದು ಸೈಕ್ಲಿಕ್ ಎಎಂಪಿ ಎಂಬ ಅಣು. ಇನ್ನು ಬ್ರೇಕು ಹಾಕುವ ಆ ಪೊಟ್ಯಾಸಿಯಂ ದಾರಿ ಯಾವ ಪ್ರೋಟೀನಿನದು ಎಂಬ ಜಗಳ 40 ವರ್ಷ ಕಳೆದರೂ ತೀರ್ಮಾನವಾಗಿಲ್ಲ.