ನಮ್ಮ ಎರೆಸೀಮೆಯ ಮೊಲವೂ ಅದರ ಅಸ್ಸಾಮಿನ ಬಂಧುವೂ

ಪೇಟೆಯಲ್ಲಿ ಪಂಜರದೊಳಗಿಟ್ಟು ಮಾರುವ ಕೆಂಗಣ್ಣಿನ ಬಿಳಿಯ ಪ್ರಾಣಿಗೂ, ಜೋಳದ ಹೊಲದ ಬದುವಿನಿಂದ ಚಂಗನೆ ನೆಗೆದು ಓಡುವ ಕಂದುಬಣ್ಣದ ಪ್ರಾಣಿಗೂ ನಾವು ಕನ್ನಡದಲ್ಲಿ ಮೊಲವೆಂಬ ಒಂದೇ ಹೆಸರನ್ನು ಕೊಟ್ಟಿರುವೆವು. ಇದರಿಂದ ಇವೆರಡೂ ಒಂದೇ ಎಂಬ ಭಾವನೆಯು ನಮ್ಮ ಮನೆಗಳಲ್ಲಿ ಬೇರೂರಿರುವದು. ಪ್ರಾಣಿಶಾಸ್ತ್ರಜ್ಞರಾದರೋ ಇವನ್ನು ಬೇರೆ ಬೇರೆ ಕುಲಗಳಲ್ಲಿ ಎಣಿಸುವರು. ಪಂಜರದ ಮೊಲದ ಮೂಲಸ್ಥಾನವು ಸ್ಪೇನ್ ಪೋರ್ಚುಗಲ್ ದೇಶಗಳ ಕಡೆಯದು. ಅದು ಬಿಲ ತೋಡಿ ಗುಂಪುಗೂಡಿ ವಾಸಿಸುವದು. ಅದರ ಮರಿಗಳು ಬತ್ತಲೆ ಮೈಯಿಂದ, ಕಣ್ಣು ಮುಚ್ಚಿಕೊಂಡೇ ಹುಟ್ಟುವವು. ನಮ್ಮ ಹೊಲದ ಮೊಲವು ಬಿಲವನ್ನು ತೋಡುವದಿಲ್ಲ. ಅದರ ಮರಿಯು ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತು ಭೂಮಿಗೆ ಬರುವದು. ವಿನೋದದ ಸಂಗತಿಯೊಂದುಂಟು. 1859ರಲ್ಲಿ ಆಸ್ಟ್ರೇಲಿಯಾಕ್ಕೆ ಒಯ್ದು ಬಿಟ್ಟ ಕೆಲವೇ ಬಿಲದ ಮೊಲಗಳು ಅಸಂಖ್ಯವಾಗಿ ಬೆಳೆದು ಆ ಖಂಡಕ್ಕೇ ಪೀಡೆಯಾದವು. ಅದೇ ಜಾತಿಯು ತನ್ನ ತವರಿನಲ್ಲಿ ರೋಗಗಳಿಂದ ಕ್ಷೀಣಿಸಿ, ಅಳಿವಿನಂಚಿನ ಪ್ರಾಣಿಗಳ ಪಟ್ಟಿಯನ್ನು ಸೇರಿರುವದು.

ನಮ್ಮ ಸೀಮೆಯ ಮೊಲಕ್ಕೆ ಕಪ್ಪುಕತ್ತಿನ ಮೊಲವೆಂದು ಹೆಸರು. ಕಿವಿಗಳ ಹಿಂದೆ ಕತ್ತಿನ ಮೇಲೆ ಇರುವ ಕರಿಯ ಮಚ್ಚೆಯೇ ಇದಕ್ಕೆ ಕಾರಣ. ಉತ್ತರ ಹಿಂದುಸ್ಥಾನದ ಮೊಲಗಳಲ್ಲಿ ಈ ಮಚ್ಚೆಯು ಕಾಣದು. ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ನವಲಗುಂದಗಳ ಕಡೆಗೆ ಹಬ್ಬಿದ ಎರೆಯ ಬಯಲಿನಲ್ಲಿಯೂ, ಧಾರವಾಡದಿಂದ ತೆಂಕಲಿಗೂ ಪಡುವಲಿಗೂ ಕಲಘಟಗಿ, ಅಳ್ನಾವರಗಳ ಕುರುಚಲು ಕಾಡಿನ ಅಂಚಿನಲ್ಲಿಯೂ ಇದು ಬಾಳುವದು. ಹಗಲೆಲ್ಲ ಹುಲ್ಲಿನ ನಡುವೆ, ತನ್ನ ಮೈಯ ಅಳತೆಗೆ ಸರಿಯಾಗಿ ಒತ್ತಿಕೊಂಡ ಒಂದು ಸಣ್ಣ ತಗ್ಗಿನಲ್ಲಿ, ಕಿವಿಗಳನ್ನು ಬೆನ್ನಿಗೆ ಮಡಿಸಿ, ಹಂದಾಡದೆ ಬಿದ್ದಿರುವದು. ಮನುಷ್ಯನ ಹೆಜ್ಜೆಯು ತೀರ ಬಳಿಗೆ ಬರುವ ವರೆಗೂ ಏಳದು. ಎದ್ದಿತೆಂದರೆ ಅಡ್ಡಾದಿಡ್ಡಿಯಾಗಿ ಹೊರಳುತ್ತ ಓಡುವದು. ತೋಳ, ನರಿ, ಕಾಡುಬೆಕ್ಕು, ಗಿಡುಗ, ಗೂಗೆ ಇವುಗಳೆಲ್ಲ ಇದರ ಶತ್ರುಗಳಾಗಿರಲಾಗಿ, ಅಡಗುವದು ಮತ್ತು ಓಡುವದು ಇವೆರಡೇ ಅದರ ಆಯುಧಗಳು. ಹಾಗಿದ್ದೂ, ಬೇಟೆನಾಯಿಗಳ ಮೇಲೆ ತಿರುಗಿ ಬಿದ್ದ ಮೊಲವನ್ನು ಕಂಡ ಗಂಡುಮೆಟ್ಟಿನ ನೆಲದಲ್ಲಿಯೇ ಹಕ್ಕಬುಕ್ಕರು ವಿಜಯನಗರವನ್ನು ಕಟ್ಟಿದರೆಂಬ ಐತಿಹ್ಯವನ್ನು ನಾವೆಲ್ಲ ಶಾಲೆಯಲ್ಲಿ ಓದಿರುವೆವು.

ಮೊಲವನ್ನು ಇಲಿಯ ಬಂಧುವೆಂದು ಬಹುಕಾಲ ಎಣಿಸುತ್ತಿದ್ದರು. ಆದರೆ ಅದರ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಸಣ್ಣ ಹಲ್ಲುಗಳಿರುವವು. ಇಲಿಗೆ ಇವು ಇಲ್ಲ. ಈ ಮೊದಲಾದ ಕಾರಣಗಳಿಂದ ಮೊಲಗಳಿಗೆ ಪ್ರತ್ಯೇಕ ಗಣವೊಂದನ್ನು ಕಲ್ಪಿಸಿರುವರು. ಅದರ ಜೀರ್ಣಕ್ರಮವೂ ವಿಚಿತ್ರವಾದದ್ದು. ಹುಲ್ಲಿನ ಸತ್ವವು ಒಂದೇ ಸಲಕ್ಕೆ ಮೈಗೆ ಹತ್ತದ ಕಾರಣ, ಮೊಲವು ಮೊದಲು ಹೊರಬೀಳುವ ಮೃದುವಾದ ಹಿಕ್ಕೆಯನ್ನು ತಾನೇ ತಿರುಗಿ ನುಂಗುವದು; ಎರಡನೆಯ ಸಲ ಬೀಳುವ ಒಣಗುಂಡುಗಳೇ ನಮ್ಮ ಕಣ್ಣಿಗೆ ಬೀಳತಕ್ಕವು. ಕೇಳಲು ಹೇಸಿಗೆಯೆನಿಸಬಹುದು; ಆದರೆ ಆಕಳು ಮೆಲುಕುಹಾಕಿ ಸಾಧಿಸುವದನ್ನೇ ಮೊಲವು ಈ ಬಗೆಯಿಂದ ಸಾಧಿಸುವದು.

ಮರಿಗಳ ವಿಷಯವಾಗಿ ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತನ್ನು ಮುಖ್ಯವಾಗಿ ಹೇಳಬೇಕಾಗಿದೆ. ಒಂದೂವರೆ ತಿಂಗಳು ಗರ್ಭವನ್ನು ಹೊತ್ತು ತಾಯಿಮೊಲವು ಒಂದೆರಡು ಮರಿಗಳನ್ನು ಈಯುವದು. ತರುವಾಯ ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿ ತಾನು ದೂರ ಹೋಗುವದು. ಕತ್ತಲಾದ ಬಳಿಕ ಸ್ವಲ್ಪ ಹೊತ್ತು ಬಂದು ಹಾಲೂಡಿಸಿ ಮರಳುವದು. ಇದು ನಿರ್ದಯೆಯಲ್ಲ. ತಾಯಿಯ ವಾಸನೆಯನ್ನು ಹಿಡಿದು ನರಿಯು ಮರಿಯ ಬಳಿಗೆ ಬಾರದಿರಲೆಂಬ ಉಪಾಯವು. ಇದನ್ನರಿಯದೆ ಕಳೆ ತೆಗೆಯುವವರೂ ಹುಲ್ಲು ಕೊಯ್ಯುವವರೂ ಒಂಟಿ ಮರಿಯನ್ನು ಕಂಡು, ಪಾಪ, ಅನಾಥವೆಂದು ಎತ್ತಿ ಮನೆಗೆ ತರುವರು. ಮಕ್ಕಳು ಆಕಳ ಹಾಲನ್ನು ಕುಡಿಸಿ ಮುದ್ದಾಡುವರು. ಹಾಗೆ ತಂದ ಮರಿಯು ಬದುಕುವದು ಅಪರೂಪ. ಕರುಣೆಯಿಂದಲೇ ಆಗುವ ಈ ಹಾನಿಯನ್ನು ತಪ್ಪಿಸುವದು ಸುಲಭ; ಮರಿಯನ್ನು ಇದ್ದಲ್ಲಿಯೇ ಬಿಟ್ಟು, ನಾಯಿಯನ್ನು ಕರೆದುಕೊಂಡು ಹೊರಟುಹೋಗುವದು ಸಾಕು.

ನಮ್ಮ ಮೊಲವು ದೇಶದ ಒಟ್ಟು ಲೆಕ್ಕದಲ್ಲಿ ಅಳಿವಿನಂಚಿಗೆ ಬಂದಿಲ್ಲ. ಅಸ್ಸಾಮಿನ ಅದರ ಬಂಧುವಿನ ಗತಿಯು ಬೇರೆ. ಬಿರುಗೂದಲಿನ ಮೊಲವೆಂದು ಕರೆಯಬಹುದಾದ ಈ ಪ್ರಾಣಿಯನ್ನು 1839ರಲ್ಲಿ ಪಿಯರ್ಸನ್ ಎಂಬವರು ಮೊದಲು ವರ್ಣಿಸಿದರು. ಮೈಬಣ್ಣ ಗಾಢ ಕಂದು, ಹೊರಗೂದಲು ಬಿರುಸು, ಕಿವಿಗಳು ಗಿಡ್ಡ, ಹಿಂಗಾಲುಗಳೂ ನಮ್ಮ ಮೊಲದಂತೆ ಉದ್ದವಲ್ಲ. ಅದಕ್ಕೆ ಬಯಲಿನಲ್ಲಿ ಓಡಿ ಪಾರಾಗುವ ಸಾಮರ್ಥ್ಯವಿಲ್ಲ. ಹಿಮಾಲಯದ ಬುಡದಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಆನೆಹುಲ್ಲೇ ಅದರ ಮನೆ, ಕೋಟೆ, ಉಗ್ರಾಣ ಎಲ್ಲವೂ. ಹುಲ್ಲಿನ ದಂಟನ್ನು ಬುಡದಲ್ಲಿ ಕತ್ತರಿಸಿ, ಹೊರಸಿಪ್ಪೆಯನ್ನು ಸುಲಿದು, ತಿರುಳನ್ನು ತಿನ್ನುವದು. ಹಿಂದೆ ಉತ್ತರಪ್ರದೇಶದಿಂದ ನೇಪಾಳ, ಬಂಗಾಳಗಳನ್ನು ಹಾದು ಅಸ್ಸಾಮಿನ ವರೆಗೆ ಈ ಹುಲ್ಲಿನ ಪಟ್ಟಿಯು ಹಬ್ಬಿದ್ದಿತು. ಅದು ಗದ್ದೆಯೂ ತೋಟವೂ ಊರೂ ಆಗುತ್ತ ಬಂದು, ಮೊಲವು ಹರಕು ತುಣುಕುಗಳಲ್ಲಿ ಸಿಕ್ಕಿಕೊಂಡಿತು. ಅಳಿದೇ ಹೋಯಿತೇನೋ ಎಂದು ತಿಳಿದವರು ಶಂಕಿಸಿದ್ದರು. 1971ರಲ್ಲಿ ಅಸ್ಸಾಮಿನಲ್ಲಿ ಜೀವಂತ ಮೊಲವೊಂದು ಕೈಗೆ ಸಿಕ್ಕಿತು. ಈಗ ಮಾನಸ ಮೊದಲಾದ ಕೆಲವೇ ರಕ್ಷಿತಾರಣ್ಯಗಳಲ್ಲಿ ಉಳಿದಿರುವದು. ಅಲ್ಲಿಯೂ ಒಂದು ಕಂಟಕವುಂಟು. ಹೊಸ ಚಿಗುರು ಬರಲೆಂದು ಬೇಸಗೆಯ ಮೊದಲಿಗೆ ಹುಲ್ಲಿಗೆ ಬೆಂಕಿ ಹಚ್ಚುವರು. ಬೆಂಕಿಯಿಲ್ಲದಿದ್ದರೆ ಹುಲ್ಲುಗಾವಲು ಪೊದೆಗಾಡಾಗುವದು. ಒಮ್ಮೆಲೇ ಎಲ್ಲವನ್ನೂ ಸುಟ್ಟರೆ ಮೊಲಕ್ಕೆ ಅಡಗಲು ಎಡೆಯಿಲ್ಲ. ಭಾಗ ಭಾಗವಾಗಿ, ಸರದಿಯ ಮೇಲೆ ಸುಡುವದೇ ಮೇಲೆಂದು ಅಭ್ಯಾಸ ಮಾಡಿದವರ ಮತವು. ನಮಗೂ ಇದೇ ಯುಕ್ತವೆಂದು ತೋರುವದು.

ಇಷ್ಟು ದೂರದ ಕಥೆಯನ್ನು ಇಲ್ಲಿ ಹೇಳಲು ಕಾರಣವುಂಟು. ನಮ್ಮ ಭಾಗದಲ್ಲಿಯೂ ಹುಲ್ಲಿನ ನೆಲವನ್ನು ಬಂಜರೆಂದು ಬರೆಯಿಸಿ, ಅದನ್ನು ಯಾವುದಾದರೊಂದು ಉಪಯೋಗಕ್ಕೆ ತರಬೇಕೆಂಬ ಆತುರವು ಬಹಳ. ರಾಣೆಬೆನ್ನೂರಿನ ಬಯಲನ್ನೇ ನೋಡಬಹುದು. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ವರೆಗೆ ಅದು ಧಾರವಾಡ ಜಿಲ್ಲೆಯದೇ ಆಗಿತ್ತು. 1974ರಲ್ಲಿ ಅದು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆದರೆ ಅಲ್ಲಿಯ ಬಹುಭಾಗದಲ್ಲಿ ನೀಲಗಿರಿ ಗಿಡಗಳನ್ನು ನೆಟ್ಟಿದ್ದರು. ಗಿಡ ನೆಡುವದು ಪುಣ್ಯದ ಕೆಲಸವೆಂದು ನಾವು ಮಕ್ಕಳಿಗೆ ಕಲಿಸುವೆವು. ಬಯಲಿನ ಪ್ರಾಣಿಗೆ ಮಾತ್ರ ಅದು ಮನೆಯ ಬಾಗಿಲಿಗೆ ಗೋಡೆ ಕಟ್ಟಿದಂತೆ. ಒಂದು ಕಾಲಕ್ಕೆ ಆ ಬಯಲಿನ ಹೆಮ್ಮೆಯಾಗಿದ್ದ ಎರೆಭೂತವೆಂಬ ದೊಡ್ಡ ಹಕ್ಕಿಯು ಇಂದು ಅಲ್ಲಿ ಕಾಣದು. ಮೊಲವು ಅಷ್ಟು ನಾಜೂಕಿನದಲ್ಲ. ಕಡಲೆಯ ಹೊಲ, ಹಳ್ಳದ ದಂಡೆ, ಬಿಟ್ಟ ನಿವೇಶನ ಎಲ್ಲಿಯಾದರೂ ಹೊಂದಿಕೊಳ್ಳುವದು. ಆದರೂ ಹುಬ್ಬಳ್ಳಿ ಧಾರವಾಡಗಳ ನಡುವಿನ ಬಯಲು ಬಡಾವಣೆಗಳಾಗುತ್ತ ಬಂದಿರಲು, ಅದರ ಹಾದಿಗೆ ಅಡ್ಡಲಾಗಿ ಹೆದ್ದಾರಿಗಳು ಬಿದ್ದಿವೆ. ರಾತ್ರಿ ಮೋಟಾರಿನ ಬೆಳಕು ಕಣ್ಣಿಗೆ ಹೊಡೆದೊಡನೆ ಅದು ದಿಕ್ಕುತೋಚದೆ ರಸ್ತೆಯ ನಡುವೆಯೇ ನಿಂತುಬಿಡುವದು. ಉರುಲು ಒಡ್ಡಿ ಹಿಡಿಯುವ ಚಟವೂ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಇಂದು ಶಿಕ್ಷಾರ್ಹವಾದ ಅಪರಾಧವು.

ರಜೆಯಲ್ಲಿ ಹಳ್ಳಿಗೆ ಹೋದಾಗ ಮಕ್ಕಳಿಗೆ ಮೊಲದ ಸುಳಿವನ್ನು ತೋರಿಸಬಹುದು. ಅದಕ್ಕೆ ಮೊಲವೇ ಕಣ್ಣಿಗೆ ಬೀಳಬೇಕೆಂದಿಲ್ಲ. ಮುಂಜಾನೆ ಬದುವಿನ ಹುಲ್ಲಿನಲ್ಲಿ ಚಾಕುವಿನಿಂದ ಓರೆಯಾಗಿ ಕೊಯ್ದಂತಿರುವ ದಂಟುಗಳನ್ನೂ, ಕಡಲೆಕಾಳಿಗಿಂತ ತುಸು ದೊಡ್ಡದಾದ ಒಣ ಹಿಕ್ಕೆಗಳನ್ನೂ ಹುಡುಕಬೇಕು. ಹತ್ತಿರದಲ್ಲಿಯೇ ಹುಲ್ಲು ಒತ್ತಿ ನುಣುಪಾದ ಅಂಗೈಯಗಲದ ತಗ್ಗೊಂದು ಸಿಕ್ಕರೆ ಅದರ ಮೇಲೆ ಕೈಯಿಟ್ಟು ನೋಡಬೇಕು. ನೆಲವು ಇನ್ನೂ ಬೆಚ್ಚಗಿದ್ದರೆ ಮೊಲವು ಆಗತಾನೆ ಎದ್ದುಹೋಗಿರುವದು.