ಹನ್ನೆರಡರಲ್ಲೊಂದು ಕಾರಿನ ವೇಗವೆಷ್ಟು?

ನಾನು ಪಾಠ ಹೇಳುವ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ವಿದ್ಯಾರ್ಥಿನಿಯೊಬ್ಬಳು ಮೋಟಾರು ಕಾರಿನ ಒಂದು ಮಾದರಿಯನ್ನು ಮರದಲ್ಲಿ ಕೆತ್ತಿ ತಂದಿದ್ದಳು. ನಿಜವಾದ ಕಾರೊಂದರ ಉದ್ದ, ಅಗಲ, ಎತ್ತರ, ಚಕ್ರಗಳ ವ್ಯಾಸ ಇವೆಲ್ಲವನ್ನೂ ಅಳೆದು, ಪ್ರತಿಯೊಂದನ್ನೂ ಹನ್ನೆರಡರಿಂದ ಭಾಗಿಸಿ, ಬಹಳ ಶ್ರಮಪಟ್ಟು ಅದನ್ನು ನಿರ್ಮಿಸಿದ್ದಳು. ಓರೆಯಾಗಿಟ್ಟ ಹಲಗೆಯ ಮೇಲಿನಿಂದ ಬಿಟ್ಟಾಗ ಆ ಪುಟ್ಟ ಕಾರು ಇಳಿಜಾರಿನ ಬುಡವನ್ನು ಸೆಕೆಂಡಿಗೆ 2 ಮೀಟರ್ ವೇಗದಿಂದ ಮುಟ್ಟುತ್ತಿತ್ತು.

"ಸರ್, ಮಾದರಿಯ ಅಳತೆ ಹನ್ನೆರಡರಲ್ಲೊಂದು. ಆದುದರಿಂದ ನಿಜವಾದ ಕಾರು ಸೆಕೆಂಡಿಗೆ 24 ಮೀಟರ್, ಎಂದರೆ ಗಂಟೆಗೆ ಸುಮಾರು 86 ಕಿಲೊಮೀಟರ್ ವೇಗದಿಂದ ಓಡಿದಂತಾಯಿತು, ಅಲ್ಲವೆ?" ಎಂದು ಅವಳು ಕೇಳಿದಳು.

ನಾನು ಹೆಚ್ಚು ಯೋಚಿಸದೆ "ಹೌದು" ಎಂದುಬಿಟ್ಟೆ. ಅವಳು ಆ ಸಂಖ್ಯೆಯನ್ನು ಅಂದವಾದ ಅಕ್ಷರಗಳಲ್ಲಿ ಫಲಕದ ಮೇಲೆ ಬರೆದಳು. ಆ ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದಾಗ ನಾನು ಹೇಳಿದುದು ತಪ್ಪೆಂದು ತಿಳಿಯಿತು. ಮರುದಿನ ಪ್ರದರ್ಶನದ ಬಾಗಿಲು ತೆರೆಯುವ ಮುನ್ನವೇ ಹೋಗಿ ಅವಳೊಡನೆ ತಪ್ಪನ್ನು ಒಪ್ಪಿಕೊಂಡೆ. "ಹಾಗಾದರೆ ಸರಿಯಾದ ಉತ್ತರ ಯಾವುದು ಸರ್?" ಎಂದಳು. ಆ ಒಂದು ಪ್ರಶ್ನೆಗೆ ನಾಲ್ಕು ಉತ್ತರಗಳುಂಟು, ನಾಲ್ಕೂ ಸರಿಯಾದುವೇ! ಇದು ಹೇಗೆಂಬುದನ್ನು ವಾಚಕರಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಅಡಿಗೊಂದು ಅಂಗುಲ

ಕಾರಿನ ಮಾದರಿಗಳನ್ನು ನಿರ್ಮಿಸುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ. ಅವರು ಬಳಸುವ ಅಳತೆಗಳು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತವೆ. ಹನ್ನೆರಡರಲ್ಲೊಂದು, ಇಪ್ಪತ್ತನಾಲ್ಕರಲ್ಲೊಂದು, ನಲವತ್ತಮೂರರಲ್ಲೊಂದು ಎಂಬ ಈ ಪ್ರಮಾಣಗಳು ಎಲ್ಲಿಂದ ಬಂದುವು? ಅಡಿ ಮತ್ತು ಅಂಗುಲಗಳ ಲೆಕ್ಕವನ್ನು ನೆನೆದರೆ ಒಗಟು ಬಿಡುತ್ತದೆ. ಒಂದು ಅಡಿಯನ್ನು ಒಂದು ಅಂಗುಲದಿಂದ ತೋರಿಸಿದರೆ ಪ್ರಮಾಣವು ಹನ್ನೆರಡರಲ್ಲೊಂದು. ಅರ್ಧ ಅಂಗುಲದಿಂದ ತೋರಿಸಿದರೆ ಇಪ್ಪತ್ತನಾಲ್ಕರಲ್ಲೊಂದು. ಇನ್ನು ನಲವತ್ತಮೂರರ ಮೂಲವಿರುವುದು ಆಟದ ರೈಲುಗಳಲ್ಲಿ. ಬ್ರಿಟನ್ನಿನ ಒಂದು ಬಗೆಯ ರೈಲು ಮಾದರಿಗಳಲ್ಲಿ ಒಂದು ಅಡಿಯನ್ನು 7 ಮಿಲಿಮೀಟರಿನಿಂದ ತೋರಿಸುತ್ತಿದ್ದರು. ಒಂದು ಅಡಿಯೆಂದರೆ 304.8 ಮಿಲಿಮೀಟರ್, ಅದನ್ನು 7ರಿಂದ ಭಾಗಿಸಿದರೆ ಸುಮಾರು 43.5 ದೊರೆಯುತ್ತದೆ. ರೈಲು ನಿಲ್ದಾಣದ ಮುಂದೆ ನಿಲ್ಲಿಸಲು ತಕ್ಕ ಕಾರುಗಳೂ ಅದೇ ಪ್ರಮಾಣದಲ್ಲಿ ಬೇಕಾದುವು.

ಹನ್ನೆರಡರಲ್ಲೊಂದು ಎಂಬ ಪ್ರಮಾಣಕ್ಕಂತೂ ಅಮೆರಿಕದಲ್ಲಿ ಸ್ವಾರಸ್ಯವಾದ ಇತಿಹಾಸವಿದೆ. ಜನರಲ್ ಮೋಟಾರ್ಸ್ ಸಂಸ್ಥೆಗೆ ಕಾರುಗಳ ಮೈಕಟ್ಟನ್ನು ತಯಾರಿಸಿಕೊಡುತ್ತಿದ್ದ ಫಿಷರ್ ಬಾಡಿ ವಿಭಾಗವು 1930ರಲ್ಲಿ 'ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಕುಶಲಕರ್ಮಿಗಳ ಸಂಘವನ್ನು ಹದಿಹರೆಯದ ಹುಡುಗರಿಗಾಗಿ ಸ್ಥಾಪಿಸಿತು. ಮೊದಲಿಗೆ ಸ್ಪರ್ಧಿಗಳು ನಿರ್ಮಿಸಬೇಕಾಗಿದ್ದುದು ಕಾರನ್ನಲ್ಲ, ಫಿಷರ್ ಲಾಂಛನದಲ್ಲಿದ್ದ ನೆಪೋಲಿಯನ್ ಕಾಲದ ರಾಜವೈಭವದ ಕುದುರೆಸಾರೋಟನ್ನು. ಮರದ ಕೆತ್ತನೆ, ಲೋಹದ ಕೆಲಸ, ಬಟ್ಟೆಯ ಹೊಲಿಗೆ ಎಲ್ಲವೂ ಒಬ್ಬನ ಕೈಯಿಂದಲೇ ಆಗಬೇಕಾಗಿತ್ತು. ಕೆಲವು ವರ್ಷಗಳ ತರುವಾಯ ಕಾರಿನ ಮಾದರಿಗಳ ಸ್ಪರ್ಧೆಯೂ ಆರಂಭವಾಗಿ, ಎರಡನೆಯ ಮಹಾಯುದ್ಧ ಕಳೆದ ಮೇಲೆ ಅದೇ ಮುಖ್ಯವಾಯಿತು. ಇಲ್ಲಿ ರಸ್ತೆಯ ಮೇಲಿದ್ದ ಕಾರನ್ನು ನಕಲು ಮಾಡುವಂತಿರಲಿಲ್ಲ. ಹುಡುಗನು ತಾನೇ ಹೊಸ ಕಾರೊಂದನ್ನು ಕಲ್ಪಿಸಿ, ಹನ್ನೆರಡರಲ್ಲೊಂದು ಪ್ರಮಾಣದಲ್ಲಿ ಅದನ್ನು ಮಾಡಿ, ಬಣ್ಣ ಬಳಿದು, ಪೆಟ್ಟಿಗೆಯಲ್ಲಿ ಭದ್ರಪಡಿಸಿ ತೀರ್ಪುಗಾರರಿಗೆ ಕಳುಹಿಸಬೇಕಾಗಿತ್ತು. ಗೆದ್ದವರಿಗೆ ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕಾಗಿ ದೊಡ್ಡ ಮೊತ್ತದ ವಿದ್ಯಾರ್ಥಿವೇತನಗಳು ದೊರೆಯುತ್ತಿದ್ದುವು. 1947ರಲ್ಲಿ ರಾಷ್ಟ್ರಮಟ್ಟದ ಬಹುಮಾನ ಪಡೆದ ಚಕ್ ಜೋರ್ಡನ್ ಎಂಬ ತರುಣನು ಮುಂದೆ 1986ರಲ್ಲಿ ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗಕ್ಕೆ ಮುಖ್ಯಸ್ಥನಾದನು. ಈ ಸ್ಪರ್ಧೆಗಳು 1968ರವರೆಗೆ ನಡೆದುವು. ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನನ್ನ ವಿದ್ಯಾರ್ಥಿನಿಯ ಮಾದರಿಯು ಎಷ್ಟೇ ಅಂದವಾಗಿದ್ದರೂ ಆ ಸಂಘದ ಬಾಗಿಲು ಅವಳಿಗೆ ತೆರೆಯುತ್ತಿರಲಿಲ್ಲ.

ಉದ್ದ, ಹರವು, ತೂಕ

ಮಾದರಿಯ ಉದ್ದವನ್ನು ಹನ್ನೆರಡರಿಂದ ಭಾಗಿಸಿದೆವು. ಹಾಗಾದರೆ ಅದರ ತೂಕವೂ ಹನ್ನೆರಡನೆಯ ಒಂದು ಭಾಗವಾಗುವುದೆ? ಇಲ್ಲ. ಮೇಲ್ಮೈಯ ಹರವು ಉದ್ದದ ವರ್ಗವನ್ನು ಅನುಸರಿಸುವುದರಿಂದ ಅದು 144ರಲ್ಲಿ ಒಂದು ಪಾಲಾಗುತ್ತದೆ. ಗಾತ್ರವು ಉದ್ದದ ಘನವನ್ನು ಅನುಸರಿಸುವುದರಿಂದ 1,728ರಲ್ಲಿ ಒಂದು ಪಾಲಾಗುತ್ತದೆ. 1,500 ಕಿಲೊಗ್ರಾಂ ತೂಗುವ ಕಾರನ್ನು ಅದೇ ವಸ್ತುಗಳಿಂದ, ಅದೇ ಬಗೆಯಲ್ಲಿ, ಪ್ರತಿಯೊಂದು ಭಾಗವನ್ನೂ ಕಿರಿದುಗೊಳಿಸಿ ಕಟ್ಟಿದರೆ ಮಾದರಿಯು ಒಂದು ಕಿಲೊಗ್ರಾಮನ್ನೂ ಮುಟ್ಟುವುದಿಲ್ಲ. ಸುಮಾರು 870 ಗ್ರಾಂ ಮಾತ್ರ ತೂಗುತ್ತದೆ.

ಇದರ ಪರಿಣಾಮವನ್ನು ಗಮನಿಸಿರಿ. ಹೊರಬೇಕಾದ ಭಾರವು 1,728 ಪಟ್ಟು ಕಡಿಮೆಯಾಯಿತು. ಅದನ್ನು ಹೊರುವ ಅಚ್ಚಿನ ಅಡ್ಡಕೊಯ್ತದ ಹರವು 144 ಪಟ್ಟು ಮಾತ್ರ ಕಡಿಮೆಯಾಯಿತು. ಆದುದರಿಂದ ಒಂದೊಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಹೊರೆಯು ಹನ್ನೆರಡು ಪಟ್ಟು ಹಗುರವಾಯಿತು. ತೆಳು ಬಿದಿರಿನ ಕಡ್ಡಿಯೂ ಮಾದರಿಗೆ ಅಚ್ಚಾಗಬಲ್ಲುದು. ನಿಜವಾದ ಕಾರಿಗೆ ಉಕ್ಕೇ ಬೇಕು. ಈ ತತ್ತ್ವವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದನು. ದೊಡ್ಡ ಪ್ರಾಣಿಯ ಮೂಳೆಯು ಚಿಕ್ಕ ಪ್ರಾಣಿಯ ಮೂಳೆಗಿಂತ ಉದ್ದವಾದರಷ್ಟೇ ಸಾಲದು, ಆ ಉದ್ದಕ್ಕೆ ಮೀರಿದ ದಪ್ಪವೂ ಅದಕ್ಕೆ ಬೇಕೆಂದು ಅವನು ಚಿತ್ರ ಸಹಿತ ತೋರಿಸಿಕೊಟ್ಟನು.

ಮತ್ತೆ ಕೆಲವು ವಸ್ತುಗಳು ನಾವು ಬಯಸಿದಂತೆ ಕಿರಿದಾಗಲು ಒಪ್ಪುವುದೇ ಇಲ್ಲ. ಕಾರಿನ ಮೈಯ ಉಕ್ಕಿನ ತಗಡು ಸುಮಾರು 0.8 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಹನ್ನೆರಡನೆಯ ಒಂದು ಭಾಗವು ನಾವು ಬರೆಯುವ ಕಾಗದಕ್ಕಿಂತಲೂ ತೆಳು. ಹೀಗಾಗಿಯೇ ಮಾದರಿಗಾರರು ಮೈಯನ್ನು ಗಟ್ಟಿ ಮರದಲ್ಲಿ ಕೆತ್ತುತ್ತಾರೆ ಇಲ್ಲವೆ ದಪ್ಪನೆಯ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯುತ್ತಾರೆ. ಬಣ್ಣದ ವಿಷಯವೂ ಹಾಗೆಯೇ. ಕಾರಿನ ಬಾಗಿಲ ಸುತ್ತಲಿನ ಸಂದು 4 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ ಅದು ಮಿಲಿಮೀಟರಿನ ಮೂರನೆಯ ಒಂದು ಭಾಗ. ಅದರ ಎರಡು ಅಂಚುಗಳಲ್ಲಿಯೂ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬಣ್ಣ ನಿಂತಿತೆಂದರೆ ಸಂದಿನ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಯಿತು! ಅನುಭವಿಗಳು ಬಣ್ಣವನ್ನು ನೀರಾಗಿಸಿ, ತೆಳುವಾಗಿ ಹಲವು ಸಲ ಸಿಂಪಡಿಸಿ, ನಡುನಡುವೆ ನುಣುಪಾದ ಉಪ್ಪುಕಾಗದದಿಂದ ಉಜ್ಜುವುದು ಅಂದಕ್ಕಾಗಿ ಮಾತ್ರವಲ್ಲ, ಪ್ರಮಾಣವನ್ನು ಕಾಪಾಡುವುದಕ್ಕಾಗಿ ಸಹ.

ನಾಲ್ಕು ಉತ್ತರಗಳು

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಮಾದರಿಯ ವೇಗವು ಸೆಕೆಂಡಿಗೆ 2 ಮೀಟರ್. ಅದಕ್ಕೆ ಸಮನಾದ ನಿಜವಾದ ಕಾರಿನ ವೇಗವೆಷ್ಟು?

ಮೊದಲನೆಯ ಉತ್ತರ, 24 ಮೀಟರ್. ಒಂದು ಸೆಕೆಂಡಿನಲ್ಲಿ ಕಾರು ತನ್ನ ಉದ್ದದ ಎಷ್ಟು ಪಟ್ಟು ದೂರ ಸಾಗಿತು ಎಂದಷ್ಟೇ ಕೇಳಿದರೆ ಇದು ಸರಿ. ಇದು ಬರಿಯ ರೇಖಾಗಣಿತ. ಯಾವ ಬಲದ ಮಾತೂ ಇದರಲ್ಲಿಲ್ಲ.

ಎರಡನೆಯ ಉತ್ತರ, ಸುಮಾರು 6.9 ಮೀಟರ್. ಇಳಿಜಾರಿನಲ್ಲಿ ಕಾರನ್ನು ಓಡಿಸಿದುದು ಗುರುತ್ವ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ 2 ಮೀಟರ್ ವೇಗ ಬರಲು ಮಾದರಿಯು ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಇಳಿಯಬೇಕು. ನಿಜವಾದ ಕಾರಿಗೆ ಎತ್ತರವೂ ಹನ್ನೆರಡು ಪಟ್ಟಾಗಿ ಸುಮಾರು 2.45 ಮೀಟರ್ ಆಗುತ್ತದೆ. ಆದರೆ ವೇಗವು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಯೇ ಹೊರತು ಎತ್ತರವನ್ನಲ್ಲ. ಹನ್ನೆರಡರ ವರ್ಗಮೂಲ ಸುಮಾರು 3.46, ಆದುದರಿಂದ ಕಾರಿನ ವೇಗ 6.9 ಮೀಟರ್, ಎಂದರೆ ಗಂಟೆಗೆ 25 ಕಿಲೊಮೀಟರ್. ನಾನು ಎಡವಿದುದು ಇಲ್ಲಿಯೇ. ಭೂಮಿಯ ಗುರುತ್ವವನ್ನು ಯಾರೂ ಹನ್ನೆರಡರಿಂದ ಭಾಗಿಸಿರಲಿಲ್ಲ! ಹಳೆಯ ಚಲನಚಿತ್ರಗಳಲ್ಲಿ ಕಾರು ಕಂದಕಕ್ಕೆ ಉರುಳುವಾಗ ಅದು ಆಟದ ಸಾಮಾನೆಂಬುದು ಕೆಲವೊಮ್ಮೆ ಥಟ್ಟನೆ ತಿಳಿದುಬಿಡುವುದೂ ಇದರಿಂದಲೇ. 75 ಸೆಂಟಿಮೀಟರ್ ಎತ್ತರದ ಮೇಜು ಮಾದರಿಯ ಪಾಲಿಗೆ 9 ಮೀಟರಿನ ಬಂಡೆಗೆ ಸಮ. ಮೇಜಿನಿಂದ ಮಾದರಿಯು 0.39 ಸೆಕೆಂಡಿನಲ್ಲಿ ಬೀಳುತ್ತದೆ. ಬಂಡೆಯಿಂದ ಕಾರು ಬೀಳಲು 1.36 ಸೆಕೆಂಡು ಹಿಡಿಯುತ್ತದೆ. ನುರಿತ ಛಾಯಾಗ್ರಾಹಕನು ಸೆಕೆಂಡಿಗೆ 24ರ ಬದಲು ಸುಮಾರು 83 ಚಿತ್ರಗಳನ್ನು ತೆಗೆದು, ಆಮೇಲೆ ಅವನ್ನು ಎಂದಿನ ವೇಗದಲ್ಲಿ ತೋರಿಸುತ್ತಾನೆ. ಆಗ ಪುಟ್ಟ ಕಾರು ದೊಡ್ಡ ಕಾರಿನ ಗಾಂಭೀರ್ಯದಿಂದ ಬೀಳುತ್ತದೆ.

ಮೂರನೆಯ ಉತ್ತರ, ಕೇವಲ 2 ಮೀಟರ್. ಕಾರು ಗೋಡೆಗೆ ಬಡಿದರೆ ಎಷ್ಟು ನುಗ್ಗಾಗುತ್ತದೆ ಎಂಬುದು ಪ್ರಶ್ನೆಯಾದರೆ ವೇಗವನ್ನು ಗುಣಿಸಬೇಕಾದುದೇ ಇಲ್ಲ. ಒಂದು ಕಿಲೊಗ್ರಾಂ ಲೋಹದಲ್ಲಿರುವ ಚಲನಶಕ್ತಿಯು ವೇಗವೊಂದನ್ನೇ ಅವಲಂಬಿಸಿದೆ. ಕಾರು ದೊಡ್ಡದೋ ಚಿಕ್ಕದೋ ಎಂದು ಅದು ಕೇಳುವುದಿಲ್ಲ. ಅದೇ ಲೋಹದ, ಪ್ರತಿ ತಗಡೂ ಹನ್ನೆರಡರಲ್ಲೊಂದು ದಪ್ಪವಿರುವ ಮಾದರಿಯು ಅದೇ ವೇಗದಲ್ಲಿ ಬಡಿದರೆ, ಅದರಲ್ಲಿ ಬೀಳುವ ನುಗ್ಗು ಕಾರಿನ ನುಗ್ಗಿನ ಹೆಚ್ಚುಕಡಿಮೆ ಹನ್ನೆರಡನೆಯ ಒಂದು ಭಾಗವೇ ಆಗಿರುತ್ತದೆ. ಮೇಜಿನಿಂದ ಬಿದ್ದ ಮಾದರಿಯು ನೆಲವನ್ನು ಮುಟ್ಟುವುದು ಸೆಕೆಂಡಿಗೆ 3.8 ಮೀಟರ್ ವೇಗದಿಂದ. 9 ಮೀಟರಿನ ಬಂಡೆಯಿಂದ ಬಿದ್ದ ಕಾರಾದರೋ 13.3 ಮೀಟರ್ ವೇಗದಿಂದ. ಕಾರಿನ ಒಂದೊಂದು ಕಿಲೊಗ್ರಾಮೂ ಹೀರಿಕೊಳ್ಳಬೇಕಾದ ಶಕ್ತಿಯು ಹನ್ನೆರಡು ಪಟ್ಟು ಹೆಚ್ಚು. ಮಾದರಿಯು ಬಿದ್ದೂ ಮುಕ್ಕಾಗದೆ ಉಳಿಯಿತೆಂಬ ಧೈರ್ಯದಿಂದ ಕಾರೂ ಉಳಿಯುವುದೆಂದು ನಂಬಿದವನು ಪ್ರಾಣಕ್ಕೇ ಎರವಾಗಬಹುದು.

ನಾಲ್ಕನೆಯ ಉತ್ತರ ಎಲ್ಲಕ್ಕಿಂತ ಆಶ್ಚರ್ಯಕರ: 2 ಮೀಟರಿನ ಹನ್ನೆರಡನೆಯ ಒಂದು ಭಾಗ, ಎಂದರೆ ಸುಮಾರು 17 ಸೆಂಟಿಮೀಟರ್! ಗಾಳಿಯು ಕಾರಿನ ಮೈಯನ್ನು ಸವರಿಕೊಂಡು ಹೇಗೆ ಹರಿಯುತ್ತದೆ, ಎಲ್ಲಿ ಸುಳಿಯಾಗುತ್ತದೆ ಎಂಬುದು ಗಾಳಿಯ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಪ್ರಮಾಣವನ್ನು ಅನುಸರಿಸುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು 1883ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬೆಳಕಿಗೆ ಬಂದ ಈ ನಿಯಮದಂತೆ, ಗಾಳಿ ಅದೇ ಆಗಿದ್ದರೆ ವೇಗವನ್ನು ಉದ್ದದಿಂದ ಗುಣಿಸಿದ ಫಲವು ಎರಡರಲ್ಲಿಯೂ ಒಂದೇ ಆಗಿರಬೇಕು. ಉದ್ದವನ್ನು ಹನ್ನೆರಡು ಪಟ್ಟು ಇಳಿಸಿದರೆ ವೇಗವನ್ನು ಹನ್ನೆರಡು ಪಟ್ಟು ಏರಿಸಬೇಕು. ಗಂಟೆಗೆ 100 ಕಿಲೊಮೀಟರ್ ವೇಗದ ಕಾರನ್ನು ಮಾದರಿಯಿಂದ ತಿಳಿಯಲು ವಾಯುಸುರಂಗದಲ್ಲಿ 1,200 ಕಿಲೊಮೀಟರ್ ವೇಗದ ಗಾಳಿ ಬೇಕಾದೀತು. ಅದು ಶಬ್ದದ ವೇಗಕ್ಕೆ ಸಮೀಪವಾದುದರಿಂದ ಅಲ್ಲಿ ಗಾಳಿಯ ವರ್ತನೆಯೇ ಬೇರೆಯಾಗಿಬಿಡುತ್ತದೆ. ಈ ಕಾರಣದಿಂದಲೇ ಇಂಜಿನಿಯರುಗಳು ತೀರ ಚಿಕ್ಕ ಮಾದರಿಗಳನ್ನು ಬಿಟ್ಟು, ಸಾಕಷ್ಟು ದೊಡ್ಡ ಮಾದರಿಗಳನ್ನೋ ಪೂರ್ಣಗಾತ್ರದ ಕಾರನ್ನೋ ವಾಯುಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಾರೆ.

ಮಾದರಿಯನ್ನು ನಂಬುವುದು ಹೇಗೆ?

ಇಷ್ಟನ್ನು ಕೇಳಿದ ವಿದ್ಯಾರ್ಥಿನಿಯ ಮುಖ ಸಪ್ಪಗಾಯಿತು. "ಹಾಗಾದರೆ ನನ್ನ ಮಾದರಿ ಯಾವ ಪ್ರಯೋಜನಕ್ಕೂ ಬಾರದೆ ಸರ್?" ಎಂದು ಕೇಳಿದಳು.

ಖಂಡಿತ ಬರುತ್ತದೆ. ಕಾರಿನ ವಿನ್ಯಾಸಕಾರರು ಇಂದಿಗೂ ತಮ್ಮ ಕಲ್ಪನೆಯನ್ನು ಚಿಕ್ಕ ಮಾದರಿಯಲ್ಲಿ ಮೂಡಿಸಿ ನೋಡುವುದುಂಟು. ಅಲ್ಲಿಗೆ ನಿಲ್ಲದೆ ಪೂರ್ಣಗಾತ್ರದ ಜೇಡಿಮಣ್ಣಿನ ಕಾರನ್ನೂ ಮಾಡುತ್ತಾರೆ. ಅಂಗೈಮೇಲೆ ಹಿಡಿದಾಗ ತುಂಬಿಕೊಂಡಂತೆ ಕಂಡ ಒಂದು ಬಾಗು ಐದು ಮೀಟರ್ ಉದ್ದದಲ್ಲಿ ಕುಸಿದಂತೆ ಕಾಣಬಹುದು. ಏಕೆಂದರೆ ನೋಡುವ ಮನುಷ್ಯನ ಕಣ್ಣೂ ಎತ್ತರವೂ ಹನ್ನೆರಡು ಪಟ್ಟು ಬೆಳೆಯುವುದಿಲ್ಲ. ಆಕಾರದ ಪ್ರಶ್ನೆಗೆ ಮಾದರಿಯು ನೇರವಾಗಿ ಉತ್ತರಿಸುತ್ತದೆ. ತೂಕ, ಬಲ, ಗಾಳಿ, ಬೀಳುವಿಕೆ ಇವುಗಳ ಪ್ರಶ್ನೆಗೆ ಅದರ ಉತ್ತರವನ್ನು ತಕ್ಕ ನಿಯಮದ ಮೂಲಕ ಪರಿವರ್ತಿಸಿಕೊಂಡು ಓದಬೇಕು. ಯಾವ ಪ್ರಶ್ನೆಗೆ ಯಾವ ನಿಯಮ ಎಂಬುದನ್ನು ಗೊತ್ತುಮಾಡುವುದೇ ಭೌತವಿಜ್ಞಾನದ ಕೆಲಸ.

ಅವಳು ಫಲಕದ ಮೇಲಿನ 86ನ್ನು ಒರಸಿ 25 ಎಂದು ಬರೆದಳು. ಅದರ ಕೆಳಗೆ ಉಳಿದ ಮೂರು ಉತ್ತರಗಳನ್ನೂ ಅವುಗಳ ಕಾರಣಗಳನ್ನೂ ಸೇರಿಸಿದಳು. ಹಿಂದಿನ ದಿನ ಸಿದ್ಧವಾಗಿದ್ದ ಫಲಕವನ್ನು ಯಾರೂ ಎರಡು ಸಲ ಓದುತ್ತಿರಲಿಲ್ಲವೆಂದು ತೋರುತ್ತದೆ. ಈ ಫಲಕದ ಮುಂದೆ ಜನರು ನಿಂತು ವಾದಿಸಿದರು.

ವಾಚಕರೂ ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಆಟದ ಕಾರೊಂದನ್ನು 10 ಸೆಂಟಿಮೀಟರ್ ಎತ್ತರದ ಇಳಿಜಾರಿನಿಂದ ಬಿಟ್ಟು, ಬುಡದಲ್ಲಿ ಅದರ ವೇಗವನ್ನು ಅಳೆಯಿರಿ. ಎತ್ತರವನ್ನು ನಾಲ್ಕು ಪಟ್ಟು ಮಾಡಿ ಮತ್ತೊಮ್ಮೆ ಅಳೆಯಿರಿ. ವೇಗವು ನಾಲ್ಕು ಪಟ್ಟಾಗದೆ ಹೆಚ್ಚುಕಡಿಮೆ ಎರಡು ಪಟ್ಟಾಗುವುದನ್ನು ಕಾಣುವಿರಿ. ಮೊಬೈಲ್ ಫೋನಿನಲ್ಲಿ ಸೆಕೆಂಡಿಗೆ 120 ಚಿತ್ರಗಳನ್ನು ತೆಗೆಯುವ ಸೌಲಭ್ಯವಿದ್ದರೆ ಕಾರು ಮೇಜಿನಿಂದ ದಿಂಬಿನ ಮೇಲೆ ಬೀಳುವುದನ್ನು ಹಾಗೆ ಚಿತ್ರಿಸಿ, ಸೆಕೆಂಡಿಗೆ 30ರಂತೆ ನಡೆಸಿ ನೋಡಿರಿ. ಕಾಲವು ನಾಲ್ಕು ಪಟ್ಟು ಹಿಗ್ಗುತ್ತದೆ. ನಾಲ್ಕು ಎಂಬುದು ಯಾವ ಪ್ರಮಾಣದ ಮಾದರಿಗೆ ಸರಿಯಾಗಿ ಹೊಂದುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿರಿ. ಉತ್ತರ ಹನ್ನೆರಡಲ್ಲ.